ಎಫ್ ಒನ್ ಮೇಲಿನ ವಿಭೂತಿ

ಗೌರಿ, ಚೆನ್ನಬಸು, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಬಾಯಿಂದ ಹೇಳಲು ನನಗೆ ಬರುವುದಿಲ್ಲ, ಅದು ನಿಮಗೂ ಗೊತ್ತು.

ಗೌರಿ, ಹೋದ ತಿಂಗಳು ನೀನು ನನ್ನನ್ನು ಹೊಸಪೇಟೆ ಬಜಾರಿನ ಆನ್‌ಲೈನ್ ಅಂಗಡಿಗೆ ಕರೆದುಕೊಂಡು ಹೋದೆ. ನಾನು ಇನ್ನೂ ಜೀವಂತ ಇದ್ದೇನೆಂದು ಪಿಂಚಣಿಯವರಿಗೆ ವರ್ಷಕ್ಕೊಮ್ಮೆ ಹೆಬ್ಬೆಟ್ಟು ಒತ್ತಿ ತೋರಿಸಬೇಕಲ್ಲ, ಅದಕ್ಕೆ. ಅಂಗಡಿಯ ಹೆಣ್ಣುಮಗಳು ಕಂಪ್ಯೂಟರ್ ಹಚ್ಚಿ, "ಅಪ್‌ಡೇಟ್ ಆಗಾಕತ್ತೈತಿ ಅಮ್ಮಾ, ತುಸು ಕುಂದ್ರಿ" ಅಂದಳು. ಕುಳಿತೆವು. ಡಬ್ಬಿಯ ಹಿಂದಿನ ಫ್ಯಾನು ತಿರುಗತೊಡಗಿತು. ಒಳಗಿನ ದೂಳು ಬಿಸಿಯಾಗಿ ಒಂದು ವಾಸನೆ ಬಂತು. ಹಂಚಿನ ಮೇಲೆ ಮಣ್ಣು ಹುರಿದ ಹಾಗೆ, ಅದರ ಹಿಂದೆಯೇ ಕಬ್ಬಿಣದ್ದು. ಅದಿರಿನ ಲಾರಿಗಳು ಸಂಡೂರಿನ ಗಣಿಗಳಿಂದ ಇಲ್ಲಿಯತನಕ ಆ ಕೆಂಪು ದೂಳನ್ನು ಹೊತ್ತು ತರುತ್ತವೆ. ನಾನು ಆ ಫ್ಯಾನಿನ ಕಡೆಯೇ ನೋಡುತ್ತಿದ್ದದ್ದು ಕಂಡು ನೀನು ಕೇಳಿದೆ: "ಅಜ್ಜಿ, ನೀ ಆಫೀಸಿನ್ಯಾಗ ಇದ್ದಾಗ ನಿನಗ ಕಂಪ್ಯೂಟರ್ ಬರ್ತಿತ್ತಾ?"

"ಒಂದು ಗುಂಡಿ ಒತ್ತಾಕ ಬರ್ತಿತ್ತು" ಅಂದೆ. ನೀನು ನಕ್ಕೆ, ಅಂಗಡಿಯವಳೂ ನಕ್ಕಳು. ಆದರೆ ಅದು ಖರೆ ಮಾತು. ಆ ಗುಂಡಿಯ ಸಂಗತಿ ನಿಮ್ಮ ಅವ್ವನಿಗೂ ನಾನು ಹೇಳಿಲ್ಲ.

ನಾನು ಬುಕ್ಕಸಾಗರದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ ಗೊತ್ತು, ಕೂಡಿಸಿದರೆ ಏನಾಗುತ್ತದೆ ಎಂದು ಗೊತ್ತಾಗುವುದಿಲ್ಲ. ನಿಮ್ಮ ತಾತ ಸಂಡೂರಿನ ಒಂದು ಕಚೇರಿಯಲ್ಲಿ ಜೀಪು ಓಡಿಸುತ್ತಿದ್ದರು. ಕಚೇರಿಯ ಹೆಸರು ಬರೆಯುವುದು ಬೇಡ. ಒಂದು ಮಧ್ಯಾಹ್ನ ಜೀಪು ತೊಳೆಯುತ್ತಿದ್ದವರು ಎದೆ ಹಿಡಿದುಕೊಂಡು ಗಾಲಿಗೆ ಒರಗಿ ಕುಳಿತರಂತೆ, ಮತ್ತೆ ಏಳಲಿಲ್ಲ. ನಲ್ಲಿ ಹಾಗೇ ಹರಿಯುತ್ತಿತ್ತಂತೆ. ಆಮೇಲೆ ಅನುಕಂಪದ ಮೇಲೆ ಅದೇ ಕಚೇರಿಯಲ್ಲಿ ನನಗೆ ಜವಾನರ ಕೆಲಸ ಕೊಟ್ಟರು. ನಿಮ್ಮ ಅವ್ವ ಆಗ ಕಂಪ್ಲಿಯಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದಳು. ನಾನು ಸಂಡೂರಿನಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೆ.

ಇಡೀ ದಿನದಲ್ಲಿ ನಾನು ಆಡುತ್ತಿದ್ದ ಮಾತು ಮೂರು: "ಹೂಂರಿ", "ತಂದೆರಿ", "ಆತ್ರಿ". ರವಿವಾರ ಅವೂ ಇಲ್ಲ. ಸೋಮವಾರ ಮೊದಲ ಮಾತು ಆಡುವ ಮುಂಚೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಎಲ್ಲರೂ ಒಳ್ಳೆಯವರೇ. ಆದರೆ ಕಚೇರಿಯಲ್ಲಿ ಜವಾನಳನ್ನು ಕರೆಯುವುದು ಏನಾದರೂ ಬೇಕಾದಾಗ ಮಾತ್ರ. ನಾನೂ ಕರೆಯದೆ ಯಾರ ಹತ್ತಿರ ಹೋಗುವವಳಲ್ಲ.

ನನಗೆ ಕೆಲಸ ಕಲಿಸಿದವನು ಹುಲುಗಪ್ಪ. ನಾನು ಸೇರಿದ ತಿಂಗಳಲ್ಲೇ ನಿವೃತ್ತಿಯಾದ ಹಳೆಯ ಜವಾನ. ಕಚೇರಿಯಲ್ಲಿ ಹನ್ನೊಂದು ಕಂಪ್ಯೂಟರ್ ಇದ್ದವು, ಏಳು ಹೊಸವು, ನಾಲ್ಕು ಹಳೆಯವು. ಎಲ್ಲವೂ ನೀಲಿ ವೈರಿನಿಂದ ಸಾಹೇಬರ ಕೋಣೆಯ ಪಕ್ಕದ ದೊಡ್ಡ ಮಷೀನಿಗೆ ಸೇರಿದ್ದವು. ಹಿಂದೆ ಒಮ್ಮೆ ವೈರು ಸುಟ್ಟು ಹೊಗೆಯಾದ ಮೇಲೆ, ಸಂಜೆ ಮನೆಗೆ ಹೋಗುವಾಗ ಮೇನ್ ಸ್ವಿಚ್ಚೇ ಬಂದ್ ಮಾಡಬೇಕೆಂದು ನಿಯಮ ಮಾಡಿದ್ದರು. ಬೆಳಿಗ್ಗೆ ಜವಾನರು ಬಂದು ದೂಳು ಒರೆಸಿ, ಮೇನ್ ಹಾಕಿ, ಎಲ್ಲವನ್ನೂ ಹಚ್ಚಿ ಇಡಬೇಕು. ಏಳು ತಾವೇ ಏಳುತ್ತಿದ್ದವು. ಹಳೆಯ ನಾಲ್ಕು ಮಾತ್ರ ಕರಿ ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ತೋರಿಸಿ ನಿಂತುಬಿಡುತ್ತಿದ್ದವು.

"ಇವು ನಾಕು ಮುದುಕರಿದ್ದಂಗ ನೋಡವ್ವ" ಅಂದ ಹುಲುಗಪ್ಪ. "ಮುಂಜಾನಿ ಎದ್ದಾಗ ಇದು ಯಾವ ವರ್ಷ ಅಂತ ಗೊತ್ತಾಗಂಗಿಲ್ಲ. ಮ್ಯಾಲಿನ ಸಾಲಿನ್ಯಾಗ ಎಫ್ ಒನ್ ಐತಲ್ಲ, ಅದನ್ನ ಒತ್ತು. ಆಮ್ಯಾಲೆ ಮೂಲ್ಯಾಗ ತಾರೀಖು ಒತ್ತಿ ಇವತ್ತಿಂದು ಹಾಕು. ಇಲ್ಲಾಂದ್ರ ಟೈಪಿಸ್ಟ್ ರೇಣುಕಮ್ಮ ಕೂಗ್ಯಾಡ್ತಾಳ, ಪತ್ರದ ಮ್ಯಾಲೆ ಹಳೇ ತಾರೀಖು ಬಂತು ಅಂತ."

ಅಷ್ಟೇ ನನ್ನ ವಿದ್ಯೆ. ಮೇಲಿನ ಸಾಲಿನ ಸಣ್ಣ ಗುಂಡಿಗಳಲ್ಲಿ ಎಫ್ ಒನ್ ಬೇಗ ಸಿಗುತ್ತಿರಲಿಲ್ಲ. ಆಯುಧ ಪೂಜೆಯ ದಿನ ಎಲ್ಲದಕ್ಕೂ ವಿಭೂತಿ ಹಚ್ಚಿದಾಗ ಆ ನಾಲ್ಕು ಕೀಬೋರ್ಡಿನ ಎಫ್ ಒನ್ ಮೇಲೆ ಒಂದೊಂದು ಬೊಟ್ಟು ಇಟ್ಟೆ. ಕಣ್ಣಿಗೆ ಚೆನ್ನಾಗಿ ಕಾಣಿಸಿತು. ಅಂದಿನಿಂದ ಪ್ರತಿ ಸೋಮವಾರ ಮನೆಯ ಪೂಜೆಯ ವಿಭೂತಿ ಚೂರೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬೊಟ್ಟು ಹೊಸದು ಮಾಡುತ್ತಿದ್ದೆ.

ಈಗ ತಾರೀಖಿನ ಮಾತು. ಎಫ್ ಒನ್ ಒತ್ತಿದ ಮೇಲೆ ಪರದೆ ನೀಲಿಯಾಗಿ, ಕೆಳಗಿನ ಮೂಲೆಯಲ್ಲಿ ಗಂಟೆ ಹನ್ನೆರಡು ಎಂದು ತೋರಿಸುತ್ತಿತ್ತು. ಅದರ ಕೆಳಗೆ ಜನವರಿ ಒಂದು, ಆರು ವರ್ಷ ಹಿಂದಿನ ಇಸವಿ. ನಾಲ್ಕರಲ್ಲೂ ಅದೇ. ಮೊದಮೊದಲು ನಾನು ಲಗುಬಗೆಯಿಂದ ತಿದ್ದಿಬಿಡುತ್ತಿದ್ದೆ. ಒಂದು ದಿನ ತಿದ್ದಲು ಹೋದ ಕೈ ನಿಂತಿತು. ಆ ಇಸವಿಯಲ್ಲಿ ನಿಮ್ಮ ತಾತ ಇದ್ದರು. ಜನವರಿ ಒಂದು ಅಂದರೆ ವರ್ಷ ಈಗತಾನೆ ಶುರು. ಅವರಿಗೆ ಇನ್ನೂ ನಾಲ್ಕು ವರ್ಷ ಬಾಕಿ.

ಆ ಪರದೆಯ ಮುಂದೆ ಕುಳಿತೆ. ಹನ್ನೆರಡು ಹೋಗಿ ಹನ್ನೆರಡು ಒಂದಾಯಿತು, ಎರಡಾಯಿತು. ಹೊರಗೆ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಎದ್ದು ನಾಲ್ಕನ್ನೂ ತಿದ್ದಿದೆ.

ಮರುದಿನ ಹತ್ತು ನಿಮಿಷ ಮುಂಚೆ ಹೋದೆ. ಆಮೇಲೆ ಅರ್ಧ ಗಂಟೆ ಮುಂಚೆ. ಕಿಟಕಿ ತೆರೆದಿಟ್ಟು, ಮೂಲೆಯ ಕಂಪ್ಯೂಟರಿನ ಮುಂದೆ ರೇಣುಕಮ್ಮನ ಕುರ್ಚಿಯಲ್ಲಿ ಕುಳಿತು ಆ ವರ್ಷದ ಮೊದಲ ಅರ್ಧ ಗಂಟೆಯನ್ನು ದಿನಾ ನೋಡುತ್ತಿದ್ದೆ. ಮನಸ್ಸಿನಲ್ಲೇ ಅವರ ಹತ್ತಿರ ಮಾತಾಡುತ್ತಿದ್ದೆ. ಮಗಳ ಕಾಲೇಜು, ಮನೆ ಮಾಲಕಿಯ ಸಿಡುಕು, ಅವರ ಜೀಪಿಗೆ ಬಂದ ಹೊಸ ಡ್ರೈವರ್ ಗೇರು ಹಾಕುವಾಗ ಮಾಡುವ ಸಪ್ಪಳ. ಒಂದು ತಾಸಿನಿಂದ ಆಚೆಗೆ ಆ ವರ್ಷ ಎಂದೂ ಹೋಗಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಎರಡನೆಯ ವರ್ಷದ ಆಷಾಢದಲ್ಲಿ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂತು. ಅರ್ಜಿ, ಪತ್ರ, ದಾಖಲೆ ಎಲ್ಲ ಇನ್ನು ಮುಂದೆ ಅದರಲ್ಲೇ. ಹೊಸದಾದ್ದರಿಂದ ಅದಕ್ಕೆ ವಾರವಾರವೂ ತಿದ್ದುಪಡಿ ಬರುತ್ತಿತ್ತು. ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಎದ್ದ ಕೂಡಲೇ ತಾನೇ ದೊಡ್ಡ ಮಷೀನನ್ನು ಕೇಳಿ ಅದನ್ನು ತೆಗೆದುಕೊಳ್ಳಬೇಕು. ಅದಕ್ಕೇ ಅಪ್‌ಡೇಟ್ ಅನ್ನುತ್ತಾರೆ. ಅದು ಆಗದಿದ್ದರೆ ಸಾಫ್ಟ್‌ವೇರಿನ ಚಿತ್ರದ ಮೇಲೆ ಕೆಂಪು ಇಂಟು ಗುರುತು ಬಂದು, ಆ ಕಂಪ್ಯೂಟರಿನಲ್ಲಿ ಕೆಲಸವೇ ನಡೆಯುವುದಿಲ್ಲ.

ಏಳರಲ್ಲಿ ಆಯಿತು. ನಾಲ್ಕರಲ್ಲಿ ಇಂಟು ಬಂತು.

ರಿಪೇರಿಗೆ ಹೊಸಪೇಟೆಯ ಏಜೆನ್ಸಿಯಿಂದ ಸುಜಾತಾ ಬಂದಳು. ಕಂಪ್ಲಿಯ ಹುಡುಗಿ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಅವರಪ್ಪ ಕಬ್ಬು ಕಡಿಯುವ ಕೂಲಿ. ಮನೆಯಲ್ಲಿ ಬುದ್ಧನ ಫೋಟೊ ಇಟ್ಟುಕೊಂಡ ಜನ. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಮೊದಲು ಸಂಬಳ ತಂದವಳು ಇವಳೇ. ಮಳೆಯಲ್ಲಿ ನೆನೆದು ಬಂದು, ಬ್ಯಾಗನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೆನೆಯದಂತೆ ಇಟ್ಟುಕೊಂಡಿದ್ದಳು. ನಾನು ಚಹ ಕೊಟ್ಟು "ತಗೋರಿ ಮೇಡಂ" ಅಂದೆ.

"ಮೇಡಂ ಅನಬ್ಯಾಡ್ರಿ ಅಮ್ಮಾ. ಹೊಸಪ್ಯಾಟಿಯಿಂದ ಇಲ್ಲಿತನ ಲಾರಿ ಹಿಂದ ಬಸ್ ನಿಂತು ನಿಂತು ರಾಡಿ ಸಿಡಿದು ಮಾರಿ ಕೆಂಪಾಗೈತಿ, ಮೇಡಂ ಹೆಂಗ ಕಾಣ್ತೀನಿ ನಿಮಗ?" ಅಂದು ದುಪಟ್ಟಾದಿಂದ ಮುಖ ಒರೆಸಿದಳು. ದುಪಟ್ಟಾ ಕೆಂಪಾಯಿತು. ನನಗೆ ನಗು ಬಂತು. ಕಚೇರಿಯಲ್ಲಿ ನಾನು ನಕ್ಕಿದ್ದು ಅದೇ ಮೊದಲು ಇರಬೇಕು.

ಅವಳು ಕುಳಿತು ನಾಲ್ಕಕ್ಕೂ ಕೈಯಿಂದ ಅಪ್‌ಡೇಟ್ ಹಾಕಿದಳು. ನಾಲ್ಕೂ ಸರಿಯಾದವು. ಸಾಹೇಬರ ಸಹಿ ಹಾಕಿಸಿಕೊಂಡು ಹೋದಳು. ಮುಂದಿನ ಸೋಮವಾರ ಮತ್ತೆ ನಾಲ್ಕರಲ್ಲೂ ಇಂಟು. ಮತ್ತೆ ಬಂದಳು, ಕೈಯಿಂದ ಹಾಕಿದಳು, ಆಯಿತು. ಅದರ ಮುಂದಿನ ವಾರ ಅದೇ ಕಥೆ.

ಅಷ್ಟರಲ್ಲಿ ಶ್ರಾವಣ ಹಿಡಿಯಿತು. ಸಂಡೂರಿನ ಗುಡ್ಡಗಳೆಲ್ಲ ಹಸಿರಾಗಿ ನಡುನಡುವೆ ಗಣಿ ಅಗೆದ ಕಡೆ ಮಾತ್ರ ಗಾಯದಂತೆ ಕೆಂಪಗೆ ಕಾಣುತ್ತಿತ್ತು. ರಸ್ತೆಯ ನೀರೂ ಕೆಂಪು. ನಾನು ಒರೆಸಿದ ಅರಿವೆ ಹಿಂಡಿದರೆ ಕುಂಕುಮದ ನೀರು. ಶ್ರಾವಣ ಸೋಮವಾರ ನಾನು ಒಪ್ಪತ್ತು ಇದ್ದು ರಾತ್ರಿ ಮಾತ್ರ ಉಣ್ಣುತ್ತಿದ್ದೆ. ಆ ಸೋಮವಾರಗಳಲ್ಲಿ ಇನ್ನೊಂದು ರೂಢಿಯಾಯಿತು. ಬೆಳಿಗ್ಗೆ ಒಂಬತ್ತೂವರೆಗೆ, ಕಚೇರಿಯಲ್ಲಿ ನಾನೊಬ್ಬಳೇ ಇರುವಾಗ, ಫೋನು ಬರುತ್ತಿತ್ತು.

"ಅಮ್ಮಾ, ಸುಜಾತಾರಿ. ಇವತ್ತರ ಆತೇನ್ರಿ?"

"ಇಲ್ಲವ್ವ. ಇಂಟು ಬಂದೈತಿ."

"ಅಯ್ಯ ಶನಿ! ಬಸ್ ಹತ್ತತೀನಿ ತಡೀರಿ. ನಾಷ್ಟಾ ಆತಿಲ್ಲೋ ನಿಮ್ದು? ಸೋಮಾರ ಅಂತ ಖಾಲಿ ಹೊಟ್ಟಿಲೆ ಕುಂತೀರೇನ್ ಮತ್ತ?"

ನನ್ನ ಹೊಟ್ಟೆಯ ಸುದ್ದಿ ಕೇಳುತ್ತಿದ್ದವಳು ಆ ಊರಿನಲ್ಲಿ ಅವಳೊಬ್ಬಳೇ. ಅದನ್ನೂ ಹೊಸಪೇಟೆಯಿಂದ ಕೇಳುತ್ತಿದ್ದಳು. ದೇವರು ಕ್ಷಮಿಸಲಿ, ಇಂಟು ಬಂದದ್ದು ನೋಡಿ ಕೆಲವು ಸೋಮವಾರ ನನಗೆ ಸಂತೋಷವೇ ಆಗುತ್ತಿತ್ತು. ಇವತ್ತು ಸುಜಾತಾ ಬರುತ್ತಾಳೆ ಎಂದು.

ಮಧ್ಯಾಹ್ನ ಹಿಂದಿನ ವರಾಂಡದಲ್ಲಿ ಅವಳು ಬುತ್ತಿ ಬಿಚ್ಚಿದಾಗ ನಾನು ಹತ್ತಿರ ಕೂರುತ್ತಿದ್ದೆ. ಅಲ್ಲೇ ಅವಳು ಒಂದು ದಿನ ಹೇಳಿದಳು: "ಏಜೆನ್ಸ್ಯಾಗ ಬೈಯಾಕತ್ತ್ಯಾರ ಅಮ್ಮಾ. ಒಂದ ಆಫೀಸಿಗೆ ಎಷ್ಟ್ ಸಲ ಹೋಗ್ತಿ ಅಂತ. ಇನ್ನೊಂದು ಕಂಪ್ಲೇಂಟ್ ಬಂದ್ರ ತೆಗೀತಾರಂತ. ಕೆಲಸ ಇರೋತನ ನಮ್ಮನ್ಯಾಗ ಯಾರೂ ಮದಿವಿ ಮಾತು ಎತ್ತಂಗಿಲ್ಲ. ಕೆಲಸ ಹೋತಂದ್ರ ನಮ್ಮ ಸೋದರಮಾವ ಕಾಯಾಕತ್ತಾನ, ಮರುವಾರನ ತಾಳಿ."

"ನಿನಗ ಮನಸಿಲ್ಲೇನವ್ವ?"

"ಅವನಿಗೆ ನನ್ನ ಡಬಲ್ ವಯಸ್ಸೈತ್ರಿ. ಮನಸೆಲ್ಲಿಂದ ತರಲಿ?" ಅಂದು ರೊಟ್ಟಿ ಮುರಿದಳು.

ಅವತ್ತು ಊಟವಾದ ಮೇಲೆ ಅವಳು ನಾಲ್ಕು ಕಂಪ್ಯೂಟರಿನ ಮುಂದೆ ಒಂದೊಂದಾಗಿ ಕುಳಿತು ಬಹಳ ಹೊತ್ತು ನೋಡಿದಳು. ನಾನು ಲೋಟ ಎತ್ತಲು ಹೋದಾಗ ತನ್ನಷ್ಟಕ್ಕೆ ಗುನುಗುತ್ತಿದ್ದಳು: "ವೈರ್ ಸರಿ ಐತಿ. ಜಾಗ ಐತಿ. ತಾರೀಖು ಸರಿ ಐತಿ..."

"ತಾರೀಖಿಗೂ ಇದಕ್ಕೂ ಏನವ್ವ ಸಂಬಂಧ?" ಅಂದೆ.

"ಭಾಳ ಐತ್ರಿ. ನಮ್ಮ ತಾರೀಖು ತಪ್ಪಿದ್ರ ದೊಡ್ಡ ಮಷೀನು ನಮ್ಮನ್ನ ಒಳಗ ಬಿಡಂಗಿಲ್ಲ. ಯಾರೋ ಹಳೇ ಕಾಲದವ ಬಂದಾನ ಅಂತ ಬಾಗಲಾ ಹಾಕ್ತದ. ಆದ್ರ ನಿಮ್ಮವು ನಾಕರಾಗೂ ಇವತ್ತಿಂದ ಐತಲ್ಲ."

ಆಗ ನನಗೆ ಹೊಳೆಯಿತು. ಬೆಳಿಗ್ಗೆ ಕಂಪ್ಯೂಟರ್ ಎದ್ದ ಕೂಡಲೇ ಕೇಳುತ್ತದೆ. ಎದ್ದಾಗ ಅದಕ್ಕೆ ಗೊತ್ತಿರುವುದು ಆ ಹಳೆಯ ಜನವರಿ ಒಂದು. ನಾನು ತಿದ್ದುವುದು ಅದು ಕೇಳಿ ಬೈಸಿಕೊಂಡ ಮೇಲೆ. ಸುಜಾತಾ ಬರುವ ಹೊತ್ತಿಗೆ ಎಲ್ಲ ಸರಿ. ಅವಳಿಗೆ ರೋಗ ಕಾಣದಂತೆ ದಿನಾ ಬೆಳಿಗ್ಗೆ ಮುಚ್ಚುತ್ತಿದ್ದವಳು ನಾನು.

ಅವಳು ಕೀಬೋರ್ಡ್ ಮುಟ್ಟಿ ನೋಡಿ ಕೇಳಿದಳು: "ಅಮ್ಮಾ, ಈ ನಾಕರ ಮ್ಯಾಲೆ ಎಫ್ ಒನ್‌ಗೆ ಯಾಕ ವಿಭೂತಿ ಹಚ್ಚ್ಯಾರ? ಮಿಕ್ಕವಕ್ಕಿಲ್ಲ?"

"ಹಳೇವಲ್ಲವ್ವ. ಪೂಜಾ ಮಾಡಿದ್ದು."

"ಮುಂಜಾನಿ ಕಂಪ್ಯೂಟರ್ ನೀವೇ ಅಲ್ಲೇನ್ರಿ ಹಚ್ಚೋರು? ಹಚ್ಚಿದಾಗ ಪರದೆ ಮ್ಯಾಲೆ ಏನರ ಬರೆದು ತೋರಸ್ತದೇನ್ರಿ?"

ಹೇಳಬೇಕಾದದ್ದು ಅದೇ ಹೊತ್ತು. ಅಲ್ಲಿ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಂದ "ಏನೂ ಇಲ್ಲವ್ವ" ಎಂದು ಬಂತು.

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಆ ಹೆದರಿಕೆ ಇತ್ತು. ಆದರೆ ಹೆದರಿಕೆಯ ಮೇಲೆ ಎಲ್ಲವನ್ನೂ ಹಾಕಿದರೆ ಸುಳ್ಳಾಗುತ್ತದೆ. ಹೇಳಿದರೆ ಅವಳು ಅದನ್ನು ರಿಪೇರಿ ಮಾಡುತ್ತಾಳೆ. ಮಾಡಿದರೆ ಆ ಜನವರಿ ಮತ್ತೆ ಬರುವುದಿಲ್ಲ.

ಆ ವಾರ ನಾನು ಬೇಗ ಹೋಗಿ ಕುಳಿತರೂ ನಿಮ್ಮ ತಾತನ ಹತ್ತಿರ ಆಡಲು ಮಾತು ಬರಲಿಲ್ಲ. ಸುಮ್ಮನೆ ನಿಮಿಷ ಎಣಿಸಿ ಎದ್ದೆ. ಮುಂದಿನ ಸೋಮವಾರವೂ ಇಂಟು ಬಂತು, ಸುಜಾತಾ ಬಂದಳು, ಹೋದಳು. ಅವತ್ತು ಅವಳು ನಾಷ್ಟಾದ ಸುದ್ದಿ ಕೇಳಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಶುಕ್ರವಾರ ಸಾಹೇಬರು ರೇಣುಕಮ್ಮನನ್ನು ಕರೆದು ಪತ್ರ ಹೇಳಿ ಬರೆಸಿದರು. ಸಾಹೇಬರ ಹೆಸರು ಪಂಪಾಪತಿ. ಕೆಟ್ಟವರಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಟೇಬಲ್ಲಿನ ಮೇಲೆ ಇಡುತ್ತಿದ್ದರು, ಅಷ್ಟೇ. "ವಾರಾ ವಾರಾ ಅದೇ ಹಾಡು. ಆ ಹುಡಿಗಿಗೆ ಕೆಲಸ ಬರಂಗಿಲ್ಲ, ಬ್ಯಾರೇರನ್ನ ಕಳಸ್ಲಿ" ಅಂದರು. ಪತ್ರ ನನ್ನ ಕೈಗೆ ಬಂತು, ಲಕೋಟೆಗೆ ಹಾಕಿ ಅಂಟಿಸಿ ಟಪಾಲಿಗೆ ಕೊಡಲು. ಅದು ಕನ್ನಡದಲ್ಲಿತ್ತು, ಓದಿದೆ. "ಸದರಿಯವರಿಗೆ ಕೆಲಸದ ಅರಿವು ಇಲ್ಲದಿರುವುದು ಕಂಡುಬಂದಿದ್ದು, ಇನ್ನು ಮುಂದೆ ಸದರಿಯವರನ್ನು ಕಳುಹಿಸಬಾರದಾಗಿ" ಎಂದಿತ್ತು.

ಅಂಚೆ ಡಬ್ಬಿಯ ತನಕ ಹೋದೆ. ಮಳೆ ಹನಿಯುತ್ತಿತ್ತು. ಡಬ್ಬಿಯ ಬಾಯಿಗೆ ಲಕೋಟೆಯ ಅರ್ಧ ತೂರಿಸಿ ಹಾಗೇ ನಿಂತೆ. ಒಬ್ಬರು ಹಿಂದಿನಿಂದ "ಹಾಕಬೇ ಯವ್ವಾ, ನಮ್ದೂ ಐತಿ" ಅಂದರು. ನಾನು ಲಕೋಟೆಯನ್ನು ಹಿಂದಕ್ಕೆ ಎಳೆದುಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು, ಕಳ್ಳಿಯಂತೆ ಮನೆಗೆ ಬಂದೆ.

ಎರಡು ದಿನ ಅದು ದೇವರ ಜಗಲಿಯ ಮೇಲೆ, ನಿಮ್ಮ ತಾತನ ಫೋಟೊದ ಹಿಂದೆ ಇತ್ತು. ರವಿವಾರ ಬಾಗಿಲು ಹಾಕಿಕೊಂಡು ಕುಳಿತು, ಅವಳಿಗೆ ಹೇಳಬೇಕಾದ ಮಾತನ್ನು ಹತ್ತಾರು ಸಲ ಗಟ್ಟಿಯಾಗಿ ಆಡಿ ನೋಡಿದೆ. ಒಮ್ಮೆಯೂ ಪೂರ್ತಿ ಬರಲಿಲ್ಲ. ಕೊನೆಗೆ ಒಂದು ತಿಳಿಯಿತು. ನನಗೆ ಹೇಳಲು ಬರುವುದಿಲ್ಲ, ಆದರೆ ಮಾಡದೆ ಇರಲು ಬರುತ್ತದೆ.

ಸೋಮವಾರ ಬೆಳಿಗ್ಗೆ ದೂಳು ಒರೆಸಿದೆ, ಮೇನ್ ಹಾಕಿದೆ, ಹನ್ನೊಂದನ್ನೂ ಹಚ್ಚಿದೆ. ಏಳು ಎದ್ದವು. ನಾಲ್ಕು ಕರಿ ಪರದೆಯಲ್ಲಿ ತಮ್ಮ ಎರಡು ಸಾಲು ತೋರಿಸಿ ನಿಂತವು. ನಾನು ಎಫ್ ಒನ್ ಒತ್ತಲಿಲ್ಲ. ಸೆರಗಿನ ತುದಿಯಿಂದ ನಾಲ್ಕರ ವಿಭೂತಿಯನ್ನೂ ಒರೆಸಿದೆ. ಲಕೋಟೆಯನ್ನು ಸಾಹೇಬರ ಮೇಜಿನ ನಡುವೆ ಇಟ್ಟು, ಹೊರಗಿನ ಬೆಂಚಿನ ಮೇಲೆ ಕುಳಿತೆ. ಒಂಬತ್ತೂವರೆಗೆ ಫೋನು ಗಂಟೆ ಬಾರಿಸಿತು. ಎತ್ತಲಿಲ್ಲ. ಬಾರಿಸಿ ಬಾರಿಸಿ ನಿಂತಿತು.

ಮೊದಲು ಬಂದವಳು ರೇಣುಕಮ್ಮ. "ಏ ಇದೇನ ಇದು, ನನ್ನ ಕಂಪ್ಯೂಟರ್ ಕರ್ರಗ ಆಗೈತಿ! ಸಾಹೇಬ್ರ, ಬರ್ರಿ ಇಲ್ಲಿ!" ಎಂದು ಕೂಗಿಕೊಂಡಳು. ಪಂಪಾಪತಿ ಸಾಹೇಬರು ನಾಲ್ಕನ್ನೂ ನೋಡಿದರು. ಕೋಣೆಗೆ ಹೋಗಿ ಲಕೋಟೆ ನೋಡಿದರು. ಕನ್ನಡಕ ತೆಗೆದರು.

"ಏನಮ್ಮ ಇದು?"

ನಾನು ಎದ್ದು ನಿಂತೆ. ಮಾತು ಮೂರು ತುಂಡಾಗಿ ಬಂತು. "ದಿನಾ ಹಂಗ ಬರ್ತೈತ್ರಿ. ನಾನು ಒತ್ತಿ ತಿದ್ದತಿದ್ದೆರಿ. ಆ ಹುಡಿಗಿದು ತಪ್ಪಿಲ್ರಿ."

"ಮತ್ತ ಇಷ್ಟು ದಿನ ಬಾಯಿ ಇರಲಿಲ್ಲೇನು ನಿನಗ?"

ಅವರು ಲಕೋಟೆಯನ್ನು ಡ್ರಾಯರಿಗೆ ಎಸೆದು ತಾವೇ ಹೊಸಪೇಟೆಗೆ ಫೋನು ಮಾಡಿದರು.

ಸುಜಾತಾ ಬಂದಾಗ ಹನ್ನೊಂದು ದಾಟಿತ್ತು. ಕರಿ ಪರದೆಯ ಎರಡು ಸಾಲು ಓದಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. "ಸೆಲ್ ಸತ್ತೈತ್ರಿ ಸರ್" ಅಂದಳು. "ಗಡಿಯಾರದ ಸೆಲ್ ಒಳಗ ಒಂದಿರ್ತದ, ಕರೆಂಟ್ ಇಲ್ಲದಾಗ ತಾರೀಖು ನೆನಪಿಡಾಕ. ಅದು ಸತ್ತ ಮ್ಯಾಲೆ ಮೇನ್ ತೆಗೆದಾಗೊಮ್ಮೆ ಎಲ್ಲಾ ಮರೀತೈತಿ." ಆಮೇಲೆ ನನ್ನ ಕಡೆ ತಿರುಗಿದಳು. "ಅದಕ್ಕ ಆ ವಿಭೂತಿ. ಹೌದಲ್ರಿ?"

ನಾನು ತಲೆ ತಗ್ಗಿಸಿದೆ.

"ನಾ ಕೇಳಿದ್ದೆ ನಿಮ್ಮನ್ನ. ಬಾಯಿಬಿಟ್ಟು ಕೇಳಿದ್ದೆ."

ಸೆಲ್ಲು ತರಲು ಕಳಿಸಿದ್ದು ನನ್ನನ್ನೇ. ಬಜಾರಿನ ಗಡಿಯಾರದ ಅಂಗಡಿಯವನು ನಾಲ್ಕು ಸೆಲ್ಲು ಕೊಟ್ಟ, ರೂಪಾಯಿ ನಾಣ್ಯದಷ್ಟೇ ಅಗಲ, ತಣ್ಣಗೆ. ಮುಷ್ಟಿಯಲ್ಲಿ ಹಿಡಿದುಕೊಂಡು ಬಂದೆ. ಕಚೇರಿ ಮುಟ್ಟುವ ಹೊತ್ತಿಗೆ ಬಿಸಿಯಾಗಿದ್ದವು.

ಊಟದ ಹೊತ್ತಾಗಿತ್ತು, ಎಲ್ಲರೂ ಮನೆಗೆ ಹೋಗಿದ್ದರು. ಅವಳು ನೆಲದ ಮೇಲೆ ಕುಳಿತು ಒಂದೊಂದೇ ಡಬ್ಬಿ ಬಿಚ್ಚಿದಳು. ನಾನು ತಿರುಪು ಕಳೆಯದಂತೆ ತಟ್ಟೆ ಹಿಡಿದು ನಿಂತೆ. ಒಂದಾಯಿತು, ಎರಡಾಯಿತು, ಮೂರಾಯಿತು. ನಾಲ್ಕನೆಯದು ರೇಣುಕಮ್ಮನ ಮೂಲೆಯ ಕಂಪ್ಯೂಟರ್. ಅವಳು ತಿರುಪಿಗೆ ಕೈ ಹಾಕಿದಾಗ "ತುಸು ತಡಿಯವ್ವ" ಅಂದೆ.

"ಯಾಕ್ರಿ?"

ಆಗ ಹೇಳಿದೆ. ಆ ತಾರೀಖು, ಆ ಇಸವಿ, ನಾನು ಬೇಗ ಬಂದು ಕೂರುತ್ತಿದ್ದದ್ದು. ಮನೆಯಲ್ಲಿ ಹತ್ತಾರು ಸಲ ಆಡಿ ನೋಡಿದಾಗ ಬಾರದ ಮಾತು ಅಲ್ಲಿ ನಿಂತಲ್ಲೇ ಬಂತು. ಅವಳು ತಿರುಗಿ ನೋಡಲಿಲ್ಲ. ತಿರುಪುಳಿ ಕೆಳಗಿಟ್ಟು, ಬಂದ್ ಮಾಡಿದ್ದ ಕಂಪ್ಯೂಟರನ್ನು ಮತ್ತೆ ಹಚ್ಚಿ ಎಫ್ ಒನ್ ಒತ್ತಿದಳು. ನೀಲಿ ಪರದೆ ಬಂತು. ಹನ್ನೆರಡು ಗಂಟೆ. ಜನವರಿ ಒಂದು. ರೇಣುಕಮ್ಮನ ಕುರ್ಚಿಯನ್ನು ನನ್ನ ಕಡೆ ತಳ್ಳಿದಳು. "ಕುಂದ್ರಿ."

ಅವಳು ಇನ್ನೇನೋ ತೆರೆದು ನೋಡಿದಳು, ಅಪ್‌ಡೇಟ್ ಆದದ್ದು ಆಗದ್ದು ಕಂಪ್ಯೂಟರ್ ತಾನೇ ಬರೆದಿಡುವ ಪುಸ್ತಕವಂತೆ. "ಇಲ್ಲಿ ನೋಡ್ರಿ. ನಾ ಪ್ರತಿ ಸಲ ಇವತ್ತಿನ ಪುಟ ತೆಗೆದು ನೋಡ್ತಿದ್ದೆ, ಏನೂ ಇರ್ತಿರಲಿಲ್ಲ. ಎಲ್ಲಾ ಇಲ್ಲಿ ಕ್ಯಳಗ ಕುಂತಾವ, ಜನವರಿ ಒಂದರಾಗ." ಅವಳು ಬಂದು ಹೋದ ಸೋಮವಾರಗಳೆಲ್ಲ ಆ ಒಂದೇ ದಿನದ ಕೆಳಗೆ ಸಾಲಾಗಿ ಬರೆದಿದ್ದವು.

"ಖರೇ ಆ ಜನವರಿ ಒಂದಕ್ಕ ಏನ್ ಮಾಡಿದ್ರಿ ನೀವು?" ಅಂದಳು.

ನೀವೂ ತಿಳಿಯಿರಿ. ಅವತ್ತು ನಿಮ್ಮ ತಾತ ಸಾಹೇಬರ ನೆಂಟರಿಗೆ ಹಂಪಿ ತೋರಿಸಿಕೊಂಡು ಬರುವಾಗ, ಕಂಪ್ಲಿಯ ಅಕ್ಕಿ ಗಿರಣಿಯವರು ಕೊಟ್ಟ ದಿನದರ್ಶಿಕೆ ತಂದಿದ್ದರು. ದಿನಾ ಒಂದು ಹಾಳೆ ಹರಿಯುವಂಥದ್ದು. ಮೊಳೆ ಹೊಡೆಯಲು ಸುತ್ತಿಗೆ ಇರಲಿಲ್ಲ, ಒರಳಿನ ಗುಂಡುಕಲ್ಲು ಎತ್ತಿ ಹೊಡೆದರು. ಗೋಡೆಯ ಗಿಲಾವು ಅಂಗೈಯಗಲ ಉದುರಿ ಅವರ ಮೀಸೆ ಬೆಳ್ಳಗಾಯಿತು. ನಿಮ್ಮ ಅವ್ವ ನೆಲಕ್ಕೆ ಬಿದ್ದು ನಕ್ಕಳು. ಮೊಳೆ ಸೊಟ್ಟಗೇ ಉಳಿಯಿತು, ಆ ವರ್ಷವೆಲ್ಲ ದಿನಗಳು ಸೊಟ್ಟಗೇ ತೂಗಾಡಿದವು. ಅಷ್ಟೇ. ಬೇರೇನೂ ಆಗಲಿಲ್ಲ.

ಸುಜಾತಾ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಇದೊಂದನ್ನ ಹಿಂಗ ಬಿಡ್ಲೇನ್ರಿ? ಮುಂಜಾನಿ ನಾನ ಫೋನ್ಯಾಗ ಹೇಳ್ತೀನಿ, ತಿದ್ದಿ ಮತ್ತೊಮ್ಮೆ ಹಚ್ಚಿದ್ರಾತು. ಯಾರಿಗೂ ಗೊತ್ತಾಗಂಗಿಲ್ಲ" ಅಂದಳು.

ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ಆ ತಾರೀಖೂ ಉಳಿಯುತ್ತದೆ, ಸೋಮವಾರದ ಫೋನೂ ಉಳಿಯುತ್ತದೆ. ಆದರೆ ಒಂದು ದಿನ ಮರೆತು ಮತ್ತೆ ಇಂಟು ಬಂದರೆ ಮತ್ತೆ ಒಂದು ಪತ್ರ ಹೋಗುತ್ತದೆ. ಪರದೆಯ ಗಡಿಯಾರ ಹನ್ನೆರಡು ಇಪ್ಪತ್ತು ತೋರಿಸುತ್ತಿತ್ತು. ನಾನೇ ಕೈ ಚಾಚಿ ಸ್ವಿಚ್ ತೆಗೆದೆ. ಪರದೆ ಕಪ್ಪಾಯಿತು.

"ಬ್ಯಾಡವ್ವ. ಹಾಕು" ಅಂದು ಕೊನೆಯ ಸೆಲ್ಲನ್ನು ಕೊಟ್ಟೆ.

ಅವಳು ನಾಲ್ಕರ ಬಸ್ಸಿಗೆ ಹೋದಳು. ಗೇಟಿನ ತನಕ ಹೋಗಿದ್ದೆ. "ನೀವು ಮೊದಲ ಒಂದು ಮಾತು ಹೇಳಿದ್ರ..." ಅಂದು, ಅರ್ಧಕ್ಕೆ ಬಿಟ್ಟು, "ಉಂಡು ಮಲಗ್ರಿ, ಒಪ್ಪತ್ತು ಇವತ್ತು" ಅಂದಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ.

ಮುಂದಿನ ಸೋಮವಾರ ಹನ್ನೊಂದೂ ತಾವೇ ಎದ್ದು ತಾವೇ ಅಪ್‌ಡೇಟ್ ತೆಗೆದುಕೊಂಡವು. ನಾಲ್ಕರ ಮೂಲೆಯಲ್ಲೂ ಆ ದಿನದ ತಾರೀಖು. ನಾನು ಹಳೆಯ ರೂಢಿಯಂತೆ ಬೇಗ ಹೋಗಿದ್ದೆ. ಮಾಡಲು ಏನೂ ಇರಲಿಲ್ಲ. ಒಂಬತ್ತೂವರೆಯಾಯಿತು, ಫೋನಿನ ಹತ್ತಿರ ನಿಂತೆ. ಫೋನು ಬರಲಿಲ್ಲ. ಯಾಕೆ ಬರಬೇಕು? ಎಲ್ಲ ಸರಿಯಿತ್ತು. ಎಷ್ಟು ಸರಿಯಿತ್ತೆಂದರೆ ಆ ಕಚೇರಿಗೆ ಅವಳು ಮತ್ತೆಂದೂ ಬರಬೇಕಾಗಲಿಲ್ಲ.

ನನಗೆ ಮೆಮೊ ಕೊಟ್ಟರು, ಟಪಾಲು ಹಾಕದೆ ಮನೆಗೆ ಒಯ್ದದ್ದಕ್ಕೆ. ನೌಕರಿ ಕಾಯಂ ಆಗುವುದು ಆರು ತಿಂಗಳು ಮುಂದಕ್ಕೆ ಹೋಯಿತು. ನಿಮ್ಮ ಅವ್ವ ಯಾಕೆಂದು ಕೇಳಿದಾಗ "ಸರಕಾರದ ಕೆಲಸ, ತಡ ಆಗ್ತೈತಿ" ಅಂದೆ. ಎರಡು ವರ್ಷದ ಮೇಲೆ ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಸುಜಾತಾಳನ್ನು ಕಂಡೆ. ಅದೇ ಬ್ಯಾಗು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ಕೊರಳಲ್ಲಿ ತಾಳಿ ಇರಲಿಲ್ಲ, ಏಜೆನ್ಸಿಯ ಗುರುತಿನ ಚೀಟಿ ತೂಗುತ್ತಿತ್ತು. ಇನ್ನೊಬ್ಬ ಹುಡುಗಿಗೆ ಕೈ ತಿರುವಿ ತಿರುವಿ ಏನೋ ಕಲಿಸುತ್ತಿದ್ದಳು. ಕರೆಯಬೇಕೆಂದು ಬಾಯಿ ತೆರೆದೆ, ಕೆಮ್ಮು ಬಂತು. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೊಸಪೇಟೆಯ ಬಸ್ಸು ಹೊರಟಿತು.

ಗೌರಿ, ಚೆನ್ನಬಸು, ಆ ದಿನದರ್ಶಿಕೆಯ ಹಾಳೆ ಎಂದೋ ಹರಿದು ಒಲೆಗೆ ಹೋಯಿತು. ಕಂಪ್ಯೂಟರುಗಳನ್ನು ಹರಾಜು ಹಾಕಿದರು. ಆ ಜನವರಿ ಒಂದು ಈಗ ಎಲ್ಲಿಯೂ ಇಲ್ಲ, ಈ ಹಾಳೆಗಳಲ್ಲಿ ಬಿಟ್ಟರೆ. ನಿಮ್ಮ ತಾತನ ಬಿಳಿ ಮೀಸೆಯನ್ನು ಇದರಲ್ಲಿ ಇಟ್ಟಿದ್ದೇನೆ. ಹಳೆಯ ಮಾತು ಎಂದು ನೀವು ತಿದ್ದಬೇಡಿ. ನನ್ನ ಟ್ರಂಕಿನಲ್ಲಿ ಹಸಿ ತಾಗದ ಹಾಗೆ ಇಡಿ, ನಿಮ್ಮ ಅವ್ವನಿಗೂ ಒಮ್ಮೆ ಓದಿ ತೋರಿಸಿ. ಇವುಗಳಿಗೆ ಸೆಲ್ಲು ಬೇಕಿಲ್ಲ, ಜೋಪಾನ ಮಾಡುವವರು ಇದ್ದರೆ ಸಾಕು.